ಹಳೆಯ ಕಾರಿಗೆ ಎಲೆಕ್ಟ್ರಿಕ್ ಫ್ಯಾನ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಅದಕ್ಕೂ ಹಿಂದಿನ ಫಿಯಟ್ 1100 ಇಟ್ಟುಕೊಂಡವರಿಗೆ ಬೇಸಿಗೆ ಬಂತೆಂದರೆ ಒಂದೇ ಚಿಂತೆ: ಹೀಟ್ ಮೀಟರಿನ ಮುಳ್ಳು. ಇಲ್ಲಿನ ಉತ್ತರಗಳನ್ನು ಪದ್ಮಿನಿಯ 1089 ಸಿಸಿ ಎಂಜಿನ್ ಮತ್ತು ಹಳೆ ಅಂಬಾಸಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಮುಂದೆ ರೇಡಿಯೇಟರ್, ಅದರ ಹಿಂದೆ ಬೆಲ್ಟಿನಿಂದ ತಿರುಗುವ ಫ್ಯಾನ್, ಉದ್ದಕ್ಕೆ ಕೂತ ಎಂಜಿನ್ ಇರುವ ಯಾವ ಹಳೆ ಕಾರಿಗಾದರೂ ಹೆಚ್ಚುಕಡಿಮೆ ಇದೇ ಮಾತು.

ಓಡುವಾಗ ಏನೂ ತೊಂದರೆಯಿಲ್ಲ. ಸಿಗ್ನಲ್‌ನಲ್ಲಿ ನಿಂತರೆ ಮುಳ್ಳು ಮೇಲೇರುತ್ತೆ. ಯಾಕೆ?

ಎಂಜಿನ್‌ನಲ್ಲಿ ಸುಡುವ ಪೆಟ್ರೋಲಿನ ಶಾಖದಲ್ಲಿ ಸುಮಾರು ಮೂರನೇ ಒಂದು ಪಾಲು ನೀರಿನ ಮೂಲಕ ರೇಡಿಯೇಟರಿಗೆ ಬಂದು, ಅಲ್ಲಿಂದ ಗಾಳಿಗೆ ಸೇರಬೇಕು. ಗಾಡಿ 50-60 ಕಿಲೋಮೀಟರ್ ವೇಗದಲ್ಲಿದ್ದರೆ ಎದುರುಗಾಳಿಯೇ ಆ ಕೆಲಸ ಮಾಡುತ್ತದೆ. ಆಗ ಫ್ಯಾನ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನಿಂತಾಗ ಮಾತ್ರ ಎಲ್ಲಾ ಭಾರ ಫ್ಯಾನ್ ಮೇಲೆ ಬೀಳುತ್ತದೆ. ಆದರೆ ಬೆಲ್ಟ್ ಫ್ಯಾನ್ ತಿರುಗುವುದು ಎಂಜಿನ್ ವೇಗಕ್ಕೆ ತಕ್ಕಂತೆ. ಐಡಲಿಂಗ್‌ನಲ್ಲಿ ಎಂಜಿನ್ ನಿಮಿಷಕ್ಕೆ 700-800 ಸುತ್ತು ತಿರುಗುವಾಗ ಫ್ಯಾನೂ ನಿಧಾನ. ಗಾಳಿ ಜಾಸ್ತಿ ಬೇಕಾದ ಹೊತ್ತಿನಲ್ಲೇ ಅದು ಕಡಿಮೆ ಕೊಡುತ್ತದೆ.

ಈ ಗಾಡಿಗಳು ರಸ್ತೆಗೆ ಬಂದ ಕಾಲದಲ್ಲಿ ಸಿಗ್ನಲ್‌ನಲ್ಲಿ ಹತ್ತು ನಿಮಿಷ ನಿಲ್ಲುವ ಪ್ರಶ್ನೆಯೇ ಇರಲಿಲ್ಲ. ಈಗ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ಎಲೆಕ್ಟ್ರಿಕ್ ಫ್ಯಾನಿಗೆ ಎಂಜಿನ್ ವೇಗದ ಹಂಗಿಲ್ಲ. ನಿಂತಾಗಲೂ ಪೂರ್ತಿ ವೇಗದಲ್ಲಿ ತಿರುಗುತ್ತದೆ. ನಿಮ್ಮ ತೊಂದರೆ ಇದೊಂದೇ ಆಗಿದ್ದರೆ ಫ್ಯಾನ್ ಹಾಕಿಸಿ, ಖಂಡಿತ ಫಲ ಕಾಣುತ್ತೀರಿ.

ನನ್ನ ಗಾಡಿ ಹೈವೇಯಲ್ಲೇ ಹೀಟ್ ಆಗುತ್ತೆ. ಫ್ಯಾನ್ ಹಾಕಿದರೆ ಸರಿಹೋಗುತ್ತಾ?

ಇಲ್ಲ. ದುಡ್ಡು ಉಳಿಸಿಕೊಳ್ಳಿ. 70ರ ವೇಗದಲ್ಲಿ ಗಾಳಿಗೆ ಬರವಿಲ್ಲ. ಆಗಲೂ ಬಿಸಿ ಏರುತ್ತಿದ್ದರೆ ರೋಗ ಬೇರೆ ಕಡೆ ಇದೆ: ರೇಡಿಯೇಟರ್ ಕಟ್ಟಿಕೊಂಡಿರಬಹುದು, ಇಗ್ನಿಷನ್ ಟೈಮಿಂಗ್ (ಪ್ಲಗ್‌ನಲ್ಲಿ ಕಿಡಿ ಹಾರುವ ಸಮಯ) ಹಿಂದೆ ಬಿದ್ದಿರಬಹುದು, ಕಾರ್ಬುರೇಟರ್ ಪೆಟ್ರೋಲ್ ಕಡಿಮೆ ಕೊಡುತ್ತಿರಬಹುದು, ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕ್ ಮತ್ತು ಹೆಡ್ ನಡುವಿನ ಸೀಲ್) ಹೋಗಿರಬಹುದು. ಕೆಳಗಿನ ಹೋಸ್ ಪೈಪನ್ನೂ ನೋಡಿ. ಅದು ಮೆತ್ತಗಾಗಿದ್ದರೆ ಎಂಜಿನ್ ವೇಗ ಏರಿದಾಗ ವಾಟರ್ ಪಂಪಿನ ಎಳೆತಕ್ಕೆ ಚಪ್ಪಟೆಯಾಗುತ್ತದೆ, ನೀರಿನ ದಾರಿ ಮುಚ್ಚುತ್ತದೆ. ಗಾಡಿ ನಿಲ್ಲಿಸಿ ಬಾನೆಟ್ ತೆಗೆದಾಗ ಪೈಪ್ ಮತ್ತೆ ಉಬ್ಬಿ ಸರಿಯಾಗಿಯೇ ಕಾಣುತ್ತದೆ. ಅದಕ್ಕೇ ಎಷ್ಟೋ ಜನರ ಕಣ್ಣಿಗೆ ಈ ದೋಷ ಬೀಳುವುದಿಲ್ಲ. ಒಬ್ಬರು ಆಕ್ಸಿಲರೇಟರ್ ಒತ್ತಲಿ, ನೀವು ಪೈಪ್ ನೋಡುತ್ತಾ ನಿಲ್ಲಿ.

ಫ್ಯಾನಿಗೆ ಮುಂಚೆ ಏನೇನು ನೋಡಬೇಕು?

ಈ ಪುಟದಲ್ಲಿ ಒಂದನ್ನೇ ಓದುವುದಿದ್ದರೆ ಇದನ್ನು ಓದಿ. ಈ ಕಾರುಗಳ ಮೂಲ ಕೂಲಿಂಗ್ ವ್ಯವಸ್ಥೆ ಕೆಟ್ಟದ್ದಲ್ಲ. ಮೇ ತಿಂಗಳ ಕಲಬುರಗಿ, ರಾಯಚೂರಿನ ಬಿಸಿಲಲ್ಲಿ ದಶಕಗಳ ಕಾಲ ಟ್ಯಾಕ್ಸಿಗಳಾಗಿ ದುಡಿದ ಗಾಡಿಗಳಿವು. ಈಗ ತಡೆಯುತ್ತಿಲ್ಲ ಎಂದರೆ ಬಹಳ ಸಲ ಒಳಗೆ ಏನೋ ಸವೆದಿದೆ ಅಥವಾ ಕಟ್ಟಿಕೊಂಡಿದೆ ಎಂದರ್ಥ. ಅದನ್ನು ಬಿಟ್ಟು ಫ್ಯಾನ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಮೊದಲು ರೇಡಿಯೇಟರ್. ಗಾಡಿ ಚೆನ್ನಾಗಿ ಬಿಸಿಯಾದ ಮೇಲೆ ಎಂಜಿನ್ ಆಫ್ ಮಾಡಿ, ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಕೋರ್ (ನೀರಿನ ಟ್ಯೂಬುಗಳಿರುವ ನಡುಭಾಗ) ಉದ್ದಕ್ಕೂ ಅಳೆಯುತ್ತಾ ಹೋಗಿ. ನೀರು ಹರಿಯುವ ದಿಕ್ಕಿನಲ್ಲಿ ಬಿಸಿ ನಿಧಾನಕ್ಕೆ ಇಳಿಯಬೇಕು. ಮಧ್ಯೆ ಒಂದು ಪಟ್ಟಿ ಮಾತ್ರ ತಣ್ಣಗಿದ್ದರೆ ಅಲ್ಲಿನ ಟ್ಯೂಬುಗಳಲ್ಲಿ ನೀರು ಹರಿಯುತ್ತಿಲ್ಲ. ಇದಕ್ಕೆ ಸುಮ್ನೆ ನೀರು ಬಿಟ್ಟು ತೊಳೆದರೆ ಸಾಲದು. ರೇಡಿಯೇಟರ್ ರಿಪೇರಿಯವರ ಹತ್ತಿರ ಟ್ಯಾಂಕ್ ಬಿಚ್ಚಿಸಿ, ಟ್ಯೂಬುಗಳಲ್ಲಿ ಕಂಬಿ ಹಾಯಿಸಿ, ಮತ್ತೆ ಬೆಸುಗೆ ಹಾಕಿಸಬೇಕು. ತಾಮ್ರ-ಹಿತ್ತಾಳೆಯ ರೇಡಿಯೇಟರಿನ ದೊಡ್ಡ ಅನುಕೂಲವೇ ಇದು. ಕೋರ್ ಪೂರ್ತಿ ಹಾಳಾಗಿದ್ದರೆ ಹಳೆ ಟ್ಯಾಂಕುಗಳಿಗೆ ಹೊಸ ಕೋರ್ ಕೂರಿಸಿಕೊಡುವವರು ಈಗಲೂ ಇದ್ದಾರೆ. ಬೆಂಗಳೂರಿನವರು ಜೆ.ಸಿ. ರಸ್ತೆಯ ಕಡೆ ವಿಚಾರಿಸಿ.

ಎರಡನೆಯದು ಎಂಜಿನ್ ಬ್ಲಾಕ್. ಅಂಬಾಸಡರ್ ಬ್ಲಾಕಿನ ಪಕ್ಕದಲ್ಲಿ, ಹಿಂಬದಿಗೆ, ನೀರು ಖಾಲಿ ಮಾಡುವ ಒಂದು ನಲ್ಲಿ ಇರುತ್ತದೆ. ತಣ್ಣಗಿರುವಾಗ ಅದನ್ನು ತಿರುಗಿಸಿ. ನೀರು ಬರದಿದ್ದರೆ ಒಳಗೆ ತುಕ್ಕಿನ ಕೆಸರು ಕೂತಿದೆ. ನಲ್ಲಿ ಬಿಚ್ಚಿ ಗಟ್ಟಿ ತಂತಿಯಿಂದ ಕೆದಕಿದರೆ ಮೊದಲು ಕೆಮ್ಮಣ್ಣಿನ ಬಣ್ಣದ ರಾಡಿ ತೊಟ್ಟಿಕ್ಕುತ್ತದೆ, ಆಮೇಲೆ ಒಮ್ಮೆಲೇ ಚಿಮ್ಮುತ್ತದೆ. ಬಟ್ಟೆ ಹಾಳಾಗುತ್ತದೆ, ಹಳೆ ಅಂಗಿ ಹಾಕಿಕೊಳ್ಳಿ. ಪೈಪ್ ಹಿಡಿದು ನೀರು ತಿಳಿಯಾಗುವ ತನಕ ಬಿಡಿ. ಎಷ್ಟೋ ಗಾಡಿಗಳ ಹೀಟ್ ಸಮಸ್ಯೆ ಇಷ್ಟರಲ್ಲೇ ಅರ್ಧ ಕಳೆಯುತ್ತದೆ.

ಆಮೇಲೆ ಸಣ್ಣಪುಟ್ಟವು. ಫ್ಯಾನ್ ಬೆಲ್ಟನ್ನು ಹೆಬ್ಬೆರಳಲ್ಲಿ ಒತ್ತಿದರೆ ಒಂದರಿಂದ ಒಂದೂವರೆ ಸೆಂಟಿಮೀಟರಷ್ಟೇ ಬಾಗಬೇಕು. ಗ್ಯಾರೇಜಿನವರು ವಾಟರ್ ಬಾಡಿ ಎನ್ನುವ ಪಂಪಿನ ಶಾಫ್ಟ್ ಅಲ್ಲಾಡಬಾರದು. ಟೈಮಿಂಗ್ ಲೈಟ್ ಹಿಡಿದು ಟೈಮಿಂಗ್ ನೋಡಿಸಿ, ಎಂಜಿನ್ ಭಾರಕ್ಕೆ ತಕ್ಕಂತೆ ಕಿಡಿಯ ಸಮಯ ಹೊಂದಿಸುವ ವ್ಯಾಕ್ಯೂಮ್ ಅಡ್ವಾನ್ಸ್ ಕೆಲಸ ಮಾಡುತ್ತಿದೆಯೇ ಎಂಬುದನ್ನೂ ಸೇರಿಸಿ. ಟೈಮಿಂಗ್ ಲೇಟ್ ಆಗಿದ್ದರೆ ಬೆಂಕಿ ಎಕ್ಸಾಸ್ಟ್ ಬಾಗಿಲವರೆಗೂ ಉರಿಯುತ್ತಾ ಹೋಗಿ ಹೆಡ್ ಕಾಯುತ್ತದೆ. ಕೊನೆಗೆ ಹೆಡ್ ಗ್ಯಾಸ್ಕೆಟ್: ತಣ್ಣಗಿನ ಎಂಜಿನ್‌ನಲ್ಲಿ ಕ್ಯಾಪ್ ತೆಗೆದು ಸ್ಟಾರ್ಟ್ ಮಾಡಿ. ರೇಡಿಯೇಟರ್ ಬಾಯಲ್ಲಿ ಗುಳ್ಳೆಗಳು ಬಿಡದೆ ಬರುತ್ತಲೇ ಇದ್ದರೆ ಮೊದಲು ಗ್ಯಾಸ್ಕೆಟ್ ಕೆಲಸ, ಆಮೇಲೆ ಉಳಿದದ್ದು.

ಥರ್ಮೋಸ್ಟ್ಯಾಟ್ ಕಿತ್ತುಹಾಕಿದರೆ ತಂಪಾಗಿರುತ್ತೆ ಅಂತ ಮೆಕ್ಯಾನಿಕ್ ಹೇಳ್ತಾರೆ. ನಿಜಾನಾ?

ನಮ್ಮ ಕಡೆ ಇದು ಬಹಳ ಹಳೆಯ ರೂಢಿ. ದಯವಿಟ್ಟು ಮಾಡಿಸಬೇಡಿ. ಥರ್ಮೋಸ್ಟ್ಯಾಟ್ ಎಂದರೆ ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ಕವಾಟ. ಥರ್ಮೋಸ್ಟ್ಯಾಟ್ ಇಲ್ಲದ ಎಂಜಿನ್ ಬೆಳಗಿನ ಹೊತ್ತು ಬೇಗ ಬಿಸಿಯೇರುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್‌ನಲ್ಲಿ ತೇವ ಉಳಿದು ಕೆಸರಾಗುತ್ತದೆ, ಸಿಲಿಂಡರ್ ಬೇಗ ಸವೆಯುತ್ತದೆ. ಕೆಟ್ಟು ಮುಚ್ಚಿಕೊಂಡಿರುವ ಥರ್ಮೋಸ್ಟ್ಯಾಟ್ ತೆಗೆದಾಗ ಗಾಡಿ ತಂಪಾಗುವುದು ನಿಜ. ಅದರ ಜಾಗಕ್ಕೆ ಒಳ್ಳೆಯದೊಂದನ್ನು ಹಾಕಿದ್ದರೂ ಅಷ್ಟೇ ತಂಪಾಗುತ್ತಿತ್ತು.

ಮನೆಯಲ್ಲೇ ಪರೀಕ್ಷೆ ಮಾಡಬಹುದು. ಅಡುಗೆಗೆ ಬಳಸದ ಪಾತ್ರೆಯಲ್ಲಿ ನೀರಿಡಿ, ಥರ್ಮೋಸ್ಟ್ಯಾಟನ್ನು ದಾರಕ್ಕೆ ಕಟ್ಟಿ ತಳಕ್ಕೆ ತಾಗದಂತೆ ಇಳಿಬಿಡಿ, ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಅದರ ಮೇಲೆ 82 ಎಂದು ಕೊರೆದಿದ್ದರೆ ಸುಮಾರು 82 ಡಿಗ್ರಿಗೆ ಬಾಯಿ ತೆರೆಯಲು ಶುರುವಾಗಬೇಕು, ನೀರು ಕುದಿಯುವ ಹೊತ್ತಿಗೆ ಪೂರ್ತಿ ತೆರೆದಿರಬೇಕು.

ಫ್ಯಾನನ್ನು ರೇಡಿಯೇಟರಿನ ಮುಂದೆ ಹಾಕಬೇಕಾ, ಹಿಂದೆ ಹಾಕಬೇಕಾ?

ಹಿಂದೆ ಹಾಕಿ ಗಾಳಿ ಎಳೆಯುವಂತೆ ಮಾಡಿದರೆ ಕೆಲಸ ಚೆನ್ನಾಗಿ ಆಗುತ್ತದೆ, ಅದರಲ್ಲೂ ಸುತ್ತ ಶ್ರೌಡ್ (ಇಡೀ ಕೋರ್ ಮೂಲಕ ಗಾಳಿ ಎಳೆಯುವಂತೆ ಮಾಡುವ ಹೊದಿಕೆ) ಇದ್ದರೆ. ಶ್ರೌಡ್ ಇಲ್ಲದ ಫ್ಯಾನ್ ತನ್ನ ಎದುರಿನ ವೃತ್ತದಿಂದಷ್ಟೇ ಎಳೆಯುತ್ತದೆ, ಮೂಲೆಗಳು ಸುಮ್ಮನೆ ಇರುತ್ತವೆ. ಆದರೆ ಹಿಂದೆ ಜಾಗ ಬೇಕು ಮತ್ತು ಮೂಲ ಬೆಲ್ಟ್ ಫ್ಯಾನ್ ತೆಗೆಯಬೇಕು.

ಮುಂದೆ, ಗ್ರಿಲ್ ಮತ್ತು ರೇಡಿಯೇಟರ್ ನಡುವೆ ಹಾಕಿ ಗಾಳಿ ತಳ್ಳುವಂತೆ ಮಾಡಿದರೆ ಫಲ ಸ್ವಲ್ಪ ಕಡಿಮೆ. ಫ್ಯಾನಿನ ಮೋಟಾರ್ ಮತ್ತು ರೆಕ್ಕೆಗಳು ಹೈವೇಯಲ್ಲಿ ಎದುರುಗಾಳಿಗೆ ಒಂದಿಷ್ಟು ಅಡ್ಡ ಬರುತ್ತವೆ. ಆದರೂ ಹೆಚ್ಚಿನವರಿಗೆ ನಾನು ಹೇಳುವುದು ಇದನ್ನೇ. ಮೂಲ ಫ್ಯಾನ್ ಇದ್ದಲ್ಲೇ ಇರುತ್ತದೆ, ಮುಂದಿನದು ನಿಂತಾಗ ಕೈಜೋಡಿಸುತ್ತದೆ. ಎಲೆಕ್ಟ್ರಿಕ್ ಫ್ಯಾನ್ ಕೆಟ್ಟರೂ ಮನೆ ತಲುಪುತ್ತೀರಿ.

ಮೂಲ ಫ್ಯಾನ್ ತೆಗೆದರೆ ಪಿಕಪ್ ಜಾಸ್ತಿ ಆಗುತ್ತಂತೆ?

ಸ್ವಲ್ಪ ಆಗುತ್ತದೆ. ಬೆಲ್ಟ್ ಫ್ಯಾನ್ ಎಂಜಿನ್ ಶಕ್ತಿಯನ್ನು ತಿನ್ನುತ್ತದೆ, ವೇಗ ಏರಿದಂತೆ ಜಾಸ್ತಿ ತಿನ್ನುತ್ತದೆ, ಶಬ್ದವನ್ನೂ ಮಾಡುತ್ತದೆ. ಪದ್ಮಿನಿಯಂಥ 40 ಅಶ್ವಶಕ್ತಿಯ ಗಾಡಿಯಲ್ಲಿ ಈ ವ್ಯತ್ಯಾಸ ಕಾಲಿಗೆ ತಿಳಿಯಬಹುದು. ತೆಗೆಯುವುದಾದರೆ ಎರಡು ಮಾತು ನೆನಪಿರಲಿ. ಬೆಲ್ಟ್ ತೆಗೆಯುವಂತಿಲ್ಲ, ವಾಟರ್ ಪಂಪ್ ಮತ್ತು ಕರೆಂಟ್ ತಯಾರಿಸುವ ಡೈನಮೋ ಅದರಿಂದಲೇ ತಿರುಗಬೇಕು. ತೆಗೆದ ಫ್ಯಾನ್, ಬೋಲ್ಟುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಡಿಕ್ಕಿಯಲ್ಲಿಡಿ. ಗುಜರಿಗೆ ಕೊಡಬೇಡಿ.

ಯಾವ ಫ್ಯಾನ್ ತರಬೇಕು? ಮಾರುತಿ 800ರದ್ದು ಆಗುತ್ತಾ?

ಆಗುತ್ತದೆ. ಸುಲಭವಾಗಿ ಸಿಗುತ್ತದೆ, ಬಿಡಿಭಾಗಗಳೂ ಸಿಗುತ್ತವೆ. ಆದರೆ ಹಳೆಯದನ್ನು ತರುವುದಾದರೆ ಅಂಗಡಿಯಲ್ಲೇ ಬ್ಯಾಟರಿಗೆ ಹಿಡಿಸಿ ನೋಡಿ. ಶಾಫ್ಟ್ ಗಲಗಲ ಅನ್ನಬಾರದು. ಕ್ಲ್ಯಾಂಪ್ ಮೀಟರ್ ಇದ್ದರೆ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಬರೆದುಕೊಳ್ಳಿ, ವೈರಿಂಗ್ ಮಾಡುವಾಗ ಆ ಲೆಕ್ಕ ಬೇಕು. ಹೊಸ ಯೂನಿವರ್ಸಲ್ ಫ್ಯಾನುಗಳು ತೆಳ್ಳಗಿರುತ್ತವೆ, ಗ್ರಿಲ್ ಹಿಂದೆ ಜಾಗ ಕಡಿಮೆ ಇದ್ದರೆ ಅವೇ ಸರಿ. 10ರಿಂದ 12 ಇಂಚಿನವು ಸಾಮಾನ್ಯವಾಗಿ 7ರಿಂದ 12 ಆಂಪಿಯರ್ ಎಳೆಯುತ್ತವೆ.

ಕೊಳ್ಳುವ ಮೊದಲು ಫ್ಯಾನಿನ ಅಳತೆಗೆ ಒಂದು ರಟ್ಟು ಕತ್ತರಿಸಿ, ಮೋಟಾರಿನ ದಪ್ಪಕ್ಕೆ ಥರ್ಮೋಕೋಲ್ ತುಂಡು ಅಂಟಿಸಿ. ಅದನ್ನು ಜಾಗದಲ್ಲಿ ಇಟ್ಟು ಬಾನೆಟ್ ಮುಚ್ಚಿ ನೋಡಿ. ಬಾನೆಟ್ ಲಾಕ್, ಹಾರನ್, ಗ್ರಿಲ್ ಯಾವುದಕ್ಕೂ ತಾಗಬಾರದು. ಹಿಂದೆ ಹಾಕುವುದಾದರೆ ಪಂಪಿನ ಪುಲ್ಲಿಗೂ ಮೋಟಾರಿಗೂ ಕನಿಷ್ಠ 2 ಸೆಂಟಿಮೀಟರ್ ಬಿಡಿ. ಎಂಜಿನ್ ರಬ್ಬರ್ ಮೌಂಟಿಂಗ್ ಮೇಲೆ ಅಲ್ಲಾಡುತ್ತದೆ ಅಲ್ವಾ, ಅದಕ್ಕೆ.

ಫ್ಯಾನ್ ಜೊತೆ ಪ್ಲಾಸ್ಟಿಕ್ ಟ್ಯಾಗ್ ಬಂದಿವೆ. ಕೋರ್ ಮೂಲಕ ತೂರಿಸಿ ಕಟ್ಟಬಹುದಾ?

ಬೇಡ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಆ ಟ್ಯಾಗ್ ತಾಮ್ರದ ಟ್ಯೂಬನ್ನು ನಿಧಾನವಾಗಿ ಉಜ್ಜಿ ತೂತು ಮಾಡುತ್ತದೆ. ರೇಡಿಯೇಟರಿನ ಎರಡೂ ಬದಿಯ ಬೋಲ್ಟುಗಳಿಗೆ ಹಿಡಿಯುವಂತೆ ಕಬ್ಬಿಣದ ಪಟ್ಟಿಯಲ್ಲಿ ಬ್ರಾಕೆಟ್ ಮಾಡಿಸಿ. ಹೊಸ ತೂತು ಕೊರೆಯದೆ, ಇರುವ ಬೋಲ್ಟುಗಳಿಗೇ ಸಿಕ್ಕಿಸುವುದು ಉತ್ತಮ. ಫ್ಯಾನಿನ ಚೌಕಟ್ಟು ಕೋರ್‌ಗೆ ತಾಗುವಲ್ಲಿ ರಬ್ಬರ್ ಪಟ್ಟಿ ಇರಲಿ.

ಗಾಳಿ ಸರಿಯಾದ ಕಡೆ ಹೋಗ್ತಿದೆ ಅಂತ ಹೇಗೆ ಗೊತ್ತಾಗುತ್ತೆ?

ಒಂದು ಊದುಬತ್ತಿ ಹಚ್ಚಿ ಗ್ರಿಲ್ ಎದುರು ಹಿಡಿಯಿರಿ. ಹೊಗೆ ಗ್ರಿಲ್ ಒಳಗೆ ಎಳೆದುಕೊಂಡು ಹೋಗಬೇಕು. ಹೊರಗೆ ಬಂದರೆ ಎದುರುಗಾಳಿಗೂ ಫ್ಯಾನಿಗೂ ಜಗಳ ನಡೆಯುತ್ತಿದೆ, ಗಾಡಿ ಮೊದಲಿಗಿಂತ ಜಾಸ್ತಿ ಹೀಟ್ ಆಗುತ್ತದೆ. ಮೋಟಾರಿನ ಎರಡು ವೈರ್ ಅದಲುಬದಲು ಮಾಡಿದರೆ ಸಾಮಾನ್ಯವಾಗಿ ತಿರುಗುವ ದಿಕ್ಕು ಬದಲಾಗುತ್ತದೆ. ಆದರೆ ರೆಕ್ಕೆಗಳ ಬಾಗು ಒಂದೇ ದಿಕ್ಕಿಗೆಂದು ಮಾಡಿದ್ದು. ವೈರ್ ಬದಲಿಸಿದ್ದರೆ ರೆಕ್ಕೆಯನ್ನೂ ತಿರುಗಿಸಿ ಹಾಕಲು ಆಗುತ್ತದೆಯೇ ನೋಡಿ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಕೆಲವಕ್ಕೆ ಬ್ಯಾಟರಿಯ ಪಾಸಿಟಿವ್ ಬಾಡಿಗೆ ಸೇರಿರುತ್ತದೆ. ಅಂಥ ಗಾಡಿಯಲ್ಲಿ ಈ ಗೊಂದಲ ಹೆಚ್ಚು, ಮೊದಲೇ ನೋಡಿಕೊಳ್ಳಿ.

ವೈರಿಂಗ್ ಹೇಗಿರಬೇಕು? ಹೆಡ್‌ಲೈಟ್ ವೈರಿನಿಂದ ತೆಗೆದರೆ ಆಗಲ್ವಾ?

ಆಗಲ್ಲ. ಹಳೆ ಕಾರುಗಳ ವೈರಿಗೆ ಹಲವು ದಶಕ ವಯಸ್ಸಾಗಿದೆ, ಮೇಲಿನ ಹೊದಿಕೆ ಮುಟ್ಟಿದರೆ ಉದುರುತ್ತದೆ. ಫ್ಯಾನ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಎರಡು-ಮೂರು ಪಟ್ಟು ಕರೆಂಟ್ ಎಳೆಯುತ್ತದೆ. ಬೆಂಕಿ ಹೊತ್ತುವುದು ಇಲ್ಲೇ.

ಬ್ಯಾಟರಿಯ ಲೈವ್ ತುದಿಯಿಂದ (ಅರ್ತ್‌ಗೆ ಸೇರದ ತುದಿ) ನೇರವಾಗಿ 4 ಚದರ ಮಿಲಿಮೀಟರಿನ ಹೊಸ ಆಟೋ ವೈರ್ ಎಳೆಯಿರಿ. ಬ್ಯಾಟರಿಯಿಂದ ಒಂದು ಗೇಣಿನೊಳಗೆ 20 ಆಂಪಿಯರ್ ಫ್ಯೂಸ್ ಬರಲಿ. ಅಲ್ಲಿಂದ ರಿಲೇಯ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) 30ನೇ ಪಿನ್ನಿಗೆ, 87ನೇ ಪಿನ್ನಿನಿಂದ ಫ್ಯಾನಿಗೆ. ರಿಲೇ 30 ಅಥವಾ 40 ಆಂಪಿಯರಿನದ್ದು ಇರಲಿ. 86ನೇ ಪಿನ್ನಿಗೆ ಇಗ್ನಿಷನ್ ಕೀಯಿಂದ ಬರುವ ಸಣ್ಣ ವೈರ್, 85ನೇ ಪಿನ್ನಿನಿಂದ ಹೀಟ್ ಸ್ವಿಚ್ (ನೀರಿನ ಬಿಸಿಗೆ ತಾನಾಗಿ ಆನ್-ಆಫ್ ಆಗುವ ಸ್ವಿಚ್) ಮೂಲಕ ಅರ್ತ್‌ಗೆ. ಫ್ಯಾನಿನ ಅರ್ತ್ ವೈರನ್ನು ಪೇಂಟ್ ಕೆರೆದು ಹೊಳೆಯುವ ಲೋಹಕ್ಕೆ ಬಿಗಿಯಿರಿ. ಫ್ಯಾನ್ ನಿಧಾನ ತಿರುಗುತ್ತಿದ್ದರೆ ಹತ್ತರಲ್ಲಿ ಎಂಟು ಸಲ ಅರ್ತ್ ಸರಿಯಿರುವುದಿಲ್ಲ. 87ನೇ ಪಿನ್ನಿನಿಂದ ಡ್ಯಾಶ್‌ಬೋರ್ಡ್ ಕೆಳಗೆ ಒಂದು ಸಣ್ಣ ದೀಪ ಕೊಟ್ಟರೆ ರಿಲೇ ಫ್ಯಾನಿಗೆ ಕರೆಂಟ್ ಕೊಡುತ್ತಿದೆಯೋ ಇಲ್ಲವೋ ಕೂತಲ್ಲೇ ಗೊತ್ತಾಗುತ್ತದೆ.

ನನ್ನ ಗಾಡಿಯಲ್ಲಿ ಇನ್ನೂ ಡೈನಮೋ ಇದೆ. ಫ್ಯಾನ್ ತಡೆಯುತ್ತಾ?

ಲೆಕ್ಕ ಹಾಕೋಣ. ಆ ಕಾಲದ ಬ್ರಿಟಿಷ್ ವಿನ್ಯಾಸದ ಕಾರುಗಳಲ್ಲಿ ಬಹಳ ಬಳಕೆಯಲ್ಲಿದ್ದ ಲೂಕಾಸ್ ಸಿ40 ಡೈನಮೋ ಕೊಡುವುದು ಗರಿಷ್ಠ 22 ಆಂಪಿಯರ್. ರಾತ್ರಿ ಹೆಡ್‌ಲೈಟ್, ಹಿಂದಿನ ದೀಪಗಳು ಸೇರಿ ಸುಮಾರು 10, ಇಗ್ನಿಷನ್ ಕಾಯಿಲ್‌ಗೆ 3-4, ಮಳೆ ಬಂದರೆ ವೈಪರಿಗೆ 2-3, ಫ್ಯಾನಿಗೆ 8-10. ಒಟ್ಟು 22 ದಾಟಿತು. ಇನ್ನೂ ಕಷ್ಟದ ವಿಷಯ ಎಂದರೆ ಐಡಲಿಂಗ್‌ನಲ್ಲಿ ಡೈನಮೋ ಹೆಚ್ಚುಕಡಿಮೆ ಏನೂ ಕೊಡುವುದಿಲ್ಲ, ಫ್ಯಾನ್ ಬೇಕಾಗುವುದೂ ಆಗಲೇ. ಅಷ್ಟೂ ಹೊತ್ತು ಬ್ಯಾಟರಿ ಖಾಲಿಯಾಗುತ್ತಿರುತ್ತದೆ.

ಹಗಲಲ್ಲಿ ಓಡಿಸುವ, ವಾರಕ್ಕೊಮ್ಮೆ ತೆಗೆಯುವ ಗಾಡಿಗೆ 7-8 ಆಂಪಿಯರಿನ ಸಣ್ಣ ಫ್ಯಾನ್, ಒಳ್ಳೆಯ ಬ್ಯಾಟರಿ ಸಾಕು. ದಿನಾ ಊರೊಳಗೆ ಓಡಿಸುವವರು ಐಡಲಿಂಗ್‌ನಲ್ಲೂ ಕರೆಂಟ್ ಕೊಡುವ ಆಲ್ಟರ್ನೇಟರ್ ಹಾಕಿಸುವುದೇ ಸರಿ. ಮೊದಮೊದಲ ಗಾಡಿಗಳಲ್ಲಿ ಡೈನಮೋ ಇದ್ದು, ಆಮೇಲಿನವುಗಳಿಗೆ ಕಂಪನಿಯೇ ಆಲ್ಟರ್ನೇಟರ್ ಕೊಟ್ಟಿತ್ತು. ಹಾಗಾಗಿ ಬ್ರಾಕೆಟ್ ಸಮೇತ ಸಿಗುತ್ತದೆ. ಹಳೆ ರೆಗ್ಯುಲೇಟರ್ ಬಾಕ್ಸಿನ ವೈರಿಂಗ್ ತಿಳಿದವರ ಕೈಯಲ್ಲೇ ಬದಲಿಸಿ.

ಫ್ಯಾನ್ ತಾನಾಗಿ ಆನ್ ಆಗಬೇಕಾ? ಕೈ ಸ್ವಿಚ್ ಸಾಲದಾ?

ಎರಡೂ ಇರಲಿ. ಕೈ ಸ್ವಿಚ್ ಮಾತ್ರ ಇದ್ದರೆ ಮಾತಿನ ಭರದಲ್ಲಿ ಮರೆತೇಹೋಗುತ್ತದೆ. ಹೀಟ್ ಸ್ವಿಚ್‌ಗೆ ಜೊತೆಯಾಗಿ ಕೈ ಸ್ವಿಚ್ ಕೊಟ್ಟರೆ ಟ್ರಾಫಿಕ್ ಕಂಡ ಕೂಡಲೇ ಮುಂಚಿತವಾಗಿ ಹಾಕಬಹುದು.

ಥರ್ಮೋಸ್ಟ್ಯಾಟ್ 82ರದ್ದಾದರೆ 92 ಡಿಗ್ರಿಗೆ ಆನ್, 87ಕ್ಕೆ ಆಫ್ ಆಗುವ ಸ್ವಿಚ್ ಹೊಂದುತ್ತದೆ. ಥರ್ಮೋಸ್ಟ್ಯಾಟ್ ತೆರೆಯುವುದಕ್ಕಿಂತ ಕಡಿಮೆ ಬಿಸಿಗೆ ಆನ್ ಆಗುವ ಸ್ವಿಚ್ ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ. ಮೇಲಿನ ಹೋಸ್ ಪೈಪನ್ನು ಕತ್ತರಿಸಿ ನಡುವೆ ಅಲ್ಯೂಮಿನಿಯಂ ಕೊಳವೆ ಕೂರಿಸಿ, ಅದಕ್ಕೆ ಸ್ವಿಚ್ ತಿರುಪುವುದು ಒಳ್ಳೆಯ ದಾರಿ. ಒಂದೇ ವೈರಿನ ಸ್ವಿಚ್ ಆದರೆ ಆ ಕೊಳವೆಗೆ ಬೇರೆ ಅರ್ತ್ ವೈರ್ ಬೇಕೇ ಬೇಕು, ಎರಡೂ ಕಡೆ ರಬ್ಬರ್ ಇರುವುದರಿಂದ. ಪೈಪಿನ ಸಂದಿನಲ್ಲಿ ತೂರಿಸುವ ತೆಳು ತಂತಿಯ ಸೆನ್ಸರ್ ಬೇಡ, ಅಲ್ಲಿ ಸೋರುತ್ತದೆ.

ಗಾಡಿ ಆಫ್ ಮಾಡಿ ಕಾಫಿ ಕುಡಿದು ಬಂದರೆ ಸ್ಟಾರ್ಟೇ ಆಗಲ್ಲ. ಫ್ಯಾನ್ ಇದಕ್ಕೆ ಸಹಾಯ ಮಾಡುತ್ತಾ?

ಸ್ವಲ್ಪ. ಎಂಜಿನ್ ನಿಂತ ಮೇಲೆ ನೀರು, ಗಾಳಿ ಎರಡೂ ನಿಲ್ಲುತ್ತವೆ, ಬಾನೆಟ್ ಒಳಗಿನ ಬಿಸಿ ಏರುತ್ತದೆ. ಪೆಟ್ರೋಲ್ ಪಂಪ್ ಮತ್ತು ಪೈಪಿನಲ್ಲಿ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರಿಗೆ ಹರಿಯುವುದಿಲ್ಲ. ಪಂಪ್ ಮೇಲೆ ಒದ್ದೆ ಬಟ್ಟೆ ಸುತ್ತುವ ಹಳೆ ಉಪಾಯ ಇದಕ್ಕೇ, ಅದು ಈಗಲೂ ಕೆಲಸ ಮಾಡುತ್ತದೆ. ಕೈ ಸ್ವಿಚ್‌ನಿಂದ ಎರಡು ನಿಮಿಷ ಫ್ಯಾನ್ ಓಡಿಸಿ ಬಾನೆಟ್ ಎತ್ತಿಟ್ಟರೆ ಅನುಕೂಲ. ಇಗ್ನಿಷನ್ ಆನ್ ಇಟ್ಟು ಓಡಿಸಬೇಡಿ, ಕಾಯಿಲ್ ಸುಟ್ಟೀತು. ಆ ಕೈ ಸ್ವಿಚ್‌ಗೆ ಬ್ಯಾಟರಿಯಿಂದ ಬೇರೆ ದಾರಿ ಕೊಡಿಸಿ. ಪೆಟ್ರೋಲ್ ಪೈಪ್ ಎಕ್ಸಾಸ್ಟ್ ಹತ್ತಿರ ಹಾಯ್ದಿದ್ದರೆ ದೂರ ಸರಿಸುವುದು ಫ್ಯಾನಿಗಿಂತ ದೊಡ್ಡ ಮದ್ದು.

ಚಾರ್ಮಾಡಿ, ಆಗುಂಬೆ ಘಾಟಿ ಹತ್ತುವಾಗ?

ಘಾಟಿಯಲ್ಲಿ ವೇಗ ಕಡಿಮೆ, ದುಡಿಮೆ ಜಾಸ್ತಿ. ಬುಡದಲ್ಲೇ ಫ್ಯಾನ್ ಹಾಕಿಬಿಡಿ. ದೊಡ್ಡ ಗೇರಿನಲ್ಲಿ ಏದುಸಿರು ಬಿಡಿಸದೆ ಸೆಕೆಂಡ್‌ಗೆ ಇಳಿಸಿ. ಎಂಜಿನ್ ಸರಾಗವಾಗಿ ತಿರುಗಿದರೆ ಪಂಪ್, ಬೆಲ್ಟ್ ಫ್ಯಾನ್ ಎರಡೂ ಜೋರಾಗಿ ಕೆಲಸ ಮಾಡುತ್ತವೆ. ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೇ ತೆರೆದ ಪಾತ್ರೆಯ ನೀರು ಕುದಿಯುವುದು 97 ಡಿಗ್ರಿಗೆ.

ಹಾಗಾದರೆ ಜಾಸ್ತಿ ಒತ್ತಡದ ರೇಡಿಯೇಟರ್ ಕ್ಯಾಪ್ ಹಾಕಬಹುದಾ?

ಕ್ಯಾಪ್ ಒತ್ತಡ ಒಂದು ಪಿಎಸ್‌ಐ ಏರಿದರೆ ಕುದಿಯುವ ಬಿಸಿ ಸುಮಾರು ಒಂದೂವರೆ ಡಿಗ್ರಿ ಮೇಲೆ ಹೋಗುತ್ತದೆ. ಆದರೆ ಹಳೆಯ ರೇಡಿಯೇಟರುಗಳನ್ನು 4ರಿಂದ 7 ಪಿಎಸ್‌ಐಗೆಂದು ಮಾಡಿದ್ದೇ ಹೆಚ್ಚು. ಹೊಸ ಕಾರಿನ 13ರ ಕ್ಯಾಪ್ ಹಾಕಿದರೆ ಬೆಸುಗೆ ಬಿಚ್ಚುತ್ತದೆ. ಮೂಲದ್ದು ಎಷ್ಟೋ ಅಷ್ಟೇ ಹಾಕಿ, ಆದರೆ ಹೊಸದು ಹಾಕಿ. ಸವೆದ ರಬ್ಬರಿನ ಕ್ಯಾಪ್ ಒತ್ತಡ ಹಿಡಿಯುವುದೇ ಇಲ್ಲ.

ಬರೀ ನೀರು ಸಾಕಾ, ಕೂಲಂಟ್ ಬೇಕಾ?

ಶಾಖ ಒಯ್ಯುವುದರಲ್ಲಿ ಬರೀ ನೀರೇ ಮುಂದು. ಆದರೆ ತುಕ್ಕು ಹಿಡಿಸುವುದರಲ್ಲೂ ಅದೇ ಮುಂದು. ತಾಮ್ರ-ಹಿತ್ತಾಳೆಗೆ ಹೊಂದುವ ಕೂಲಂಟ್ ತಂದು, ಡಬ್ಬಿಯ ಮೇಲೆ ಹೇಳಿದಂತೆ ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿ. ಬೋರ್‌ವೆಲ್ ನೀರು ಮಾತ್ರ ಬೇಡವೇ ಬೇಡ. ಬಿಂದಿಗೆಯ ತಳದಲ್ಲಿ ಕೂರುವ ಬಿಳಿ ಪದರವೇ ಟ್ಯೂಬಿನೊಳಗೂ ಕೂರುತ್ತದೆ.

ನನ್ನ ಗಾಡಿಗೆ 50 ವರ್ಷ ದಾಟಿದೆ. ಫ್ಯಾನ್ ಹಾಕಿದರೆ ವಿಂಟೇಜ್ ನೋಂದಣಿಗೆ ತೊಂದರೆಯೇ?

2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗಳಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಸಿಗುತ್ತದೆ. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಬಿಚ್ಚಿ ತೆಗೆಯಬಹುದಾದ ಫ್ಯಾನ್ ಎಂಜಿನ್ನನ್ನು ಬದಲಿಸುವುದಿಲ್ಲ. ಆದರೂ ತಪಾಸಣೆಗೆ ಮೊದಲು ತೆಗೆದಿಟ್ಟರೆ ಪ್ರಶ್ನೆಯೇ ಏಳುವುದಿಲ್ಲ. ತೂತು ಕೊರೆಯಬೇಡಿ, ಮೂಲ ಭಾಗ ಬಿಸಾಡಬೇಡಿ ಎಂದು ಮೇಲೆ ಹೇಳಿದ್ದಕ್ಕೆ ಇದೂ ಒಂದು ಕಾರಣ.

ಎಲ್ಲಾ ಮಾಡಿದ ಮೇಲೂ ದಾರಿಯಲ್ಲಿ ಮುಳ್ಳು ಕೆಂಪಿಗೆ ಹೋದರೆ?

ಕೂಡಲೇ ಬದಿಗೆ ನಿಲ್ಲಿಸಿ. ನೀರು ಸೋರಿಲ್ಲ, ಬೆಲ್ಟ್ ಇದೆ ಎಂದಾದರೆ ಫ್ಯಾನ್ ಹಾಕಿ ಎಂಜಿನ್ನನ್ನು ಐಡಲಿಂಗ್‌ಗಿಂತ ಸ್ವಲ್ಪ ಜೋರಾಗಿ ಒಂದೆರಡು ನಿಮಿಷ ಓಡಿಸಿ, ಮುಳ್ಳು ಇಳಿಯುತ್ತದೆಯೇ ನೋಡಿ. ಇಳಿಯದಿದ್ದರೆ, ಅಥವಾ ಆವಿ ಬರುತ್ತಿದ್ದರೆ, ಎಂಜಿನ್ ಆಫ್ ಮಾಡಿ. ರೇಡಿಯೇಟರ್ ಕ್ಯಾಪ್ ಮುಟ್ಟಬೇಡಿ. ಒಳಗಿನ ನೀರು ಒತ್ತಡದಲ್ಲಿರುತ್ತದೆ, ತೆರೆದ ಕ್ಷಣ ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಬಿಡಿ. ಮೇಲಿನ ಹೋಸನ್ನು ಕೈಯಲ್ಲಿ ಹಿಡಿಯುವಷ್ಟು ಆರಿದ ಮೇಲೆ ದಪ್ಪ ಬಟ್ಟೆ ಹಾಕಿ ಕ್ಯಾಪನ್ನು ಮೊದಲ ಹಲ್ಲಿನವರೆಗೆ ತಿರುಗಿಸಿ, ಒತ್ತಡ ಹೋದ ಮೇಲೆ ಪೂರ್ತಿ ತೆಗೆಯಿರಿ. ಕಾದ ಬ್ಲಾಕಿಗೆ ತಣ್ಣೀರು ಒಮ್ಮೆಲೇ ಸುರಿದರೆ ಹೆಡ್ ಬಿರುಕು ಬಿಡಬಹುದು. ಎಂಜಿನ್ ಸ್ಟಾರ್ಟ್ ಮಾಡಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ. ಡಿಕ್ಕಿಯಲ್ಲಿ ಐದು ಲೀಟರ್ ನೀರು, ಒಂದು ಬೆಲ್ಟ್, ಒಂದು ಫ್ಯೂಸ್, ಒಂದು ರಿಲೇ ಯಾವಾಗಲೂ ಇರಲಿ.